ಪುಟ್ಟ ಸಬ್‌ಮರೀನ್ ಓಡಿಸೋದು ಕಲಿಯುತ್ತಿದ್ದೇನೆ, ಒಂದೇ ಆಳದಲ್ಲಿ ನಿಲ್ಲಿಸೋಕೆ ಆಗ್ತಿಲ್ಲ. ಗೊತ್ತಿದ್ದವರು ಹೇಳ್ತೀರಾ?

ಅಘನಾಶಿನಿ ಹುಡುಗ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ವಿಚಿತ್ರ ಅನ್ನಿಸಬಹುದು. ಆದರೆ ಇಲ್ಲಿ ನೇವಿಯವರು, ಡೈವಿಂಗ್ ಮಾಡುವವರು ಇದ್ದಾರೆ ಅಂತ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ.

ನಾನು ಕುಮಟಾ ಕಡೆಯವನು. ಹಡಗಿನ ಎಂಜಿನ್ ರೂಮಿನಲ್ಲಿ ಹದಿನಾಲ್ಕು ವರ್ಷ ಆಯಿತು. ಮೊದಲು ಸರಕು ಹಡಗು, ಈಗ ಒಬ್ಬ ಸಾಹುಕಾರರ ಯಾಟ್, ಅಂದರೆ ಸ್ವಂತ ವಿಹಾರದ ಹಡಗು. ಅವರ ಹತ್ತಿರ ಮೂರು ಸೀಟಿನ ಒಂದು ಸಬ್‌ಮರೀನ್ ಇದೆ. ಅದನ್ನು ಓಡಿಸುತ್ತಿದ್ದವನು ಕೆಲಸ ಬಿಟ್ಟ. "ನಿನಗೆ ಮಷೀನು ಗೊತ್ತಲ್ಲ, ಇದನ್ನೂ ಕಲಿ" ಅಂದರು. ಈಗ ಬಹಾಮಾಸ್‌ನಲ್ಲಿ ತರಬೇತಿ.

ಒಳಗೆ ಹೇಗಿದೆ ಅಂದರೆ, ದಪ್ಪ ಅಕ್ರಿಲಿಕ್ ಗುಂಡು, ಅದರೊಳಗೆ ನಾವು. ಹಿಂದೆ ಸ್ವಲ್ಪ ಎತ್ತರದಲ್ಲಿ ನಾನು, ಮುಂದೆ ಇಬ್ಬರು. ಬಲಗೈಗೆ ಜಾಯ್‌ಸ್ಟಿಕ್. ತಳ್ಳಿದರೆ ಮುಂದೆ, ಎಳೆದರೆ ಹಿಂದೆ, ತಿರುಚಿದರೆ ಮೂತಿ ತಿರುಗುತ್ತದೆ. ಎಡಗೈಗೆ ಮೇಲೆ ಕೆಳಗೆ ಹೋಗುವ ಥ್ರಸ್ಟರಿನ (ನೀರು ತಳ್ಳುವ ಮೋಟರು ಫ್ಯಾನಿನ) ಚಿಕ್ಕ ಲಿವರ್. ಪಕ್ಕದಲ್ಲಿ ಗಾಳಿಯ ವಾಲ್ವ್‌ಗಳು. ವೆಂಟ್ ತೆಗೆದರೆ ಬ್ಯಾಲಾಸ್ಟ್ ಟ್ಯಾಂಕಿನ ಗಾಳಿ ಹೊರಗೆ, ನೀರು ಒಳಗೆ. ಬ್ಲೋ ತೆಗೆದರೆ ಸಿಲಿಂಡರಿನ ಗಾಳಿ ಟ್ಯಾಂಕಿಗೆ, ನೀರು ಹೊರಗೆ. ಇನ್ನೊಂದು ಕಡೆ ಆಕ್ಸಿಜನ್. ಕಾಲ ಹತ್ತಿರ ತುರ್ತಿನಲ್ಲಿ ಭಾರ ಕಳಚುವ ಹಿಡಿ. ಸುಮ್ಮನೆ ಅದನ್ನು ಮುಟ್ಟಿದರೆ ನಿನ್ನನ್ನೇ ಕಳಚಿ ಹಾಕುತ್ತೇನೆ ಅಂದಿದ್ದಾರೆ ಕಲಿಸುವ ಮುದುಕಪ್ಪ.

ನನ್ನ ಸಮಸ್ಯೆ ಇಷ್ಟೇ. ಐದಾರು ಮೀಟರಿನಲ್ಲಿ ಚೆನ್ನಾಗಿ ನಿಲ್ಲುತ್ತದೆ. ಹತ್ತು ದಾಟಿತೋ, ಕೆಳಗೆ ಎಳೆಯೋಕೆ ಶುರು. ಇಪ್ಪತ್ತೈದರಲ್ಲಿ ಮೇಲಿನ ಥ್ರಸ್ಟರ್ ಫುಲ್ ಕೊಟ್ಟರೂ ಕಷ್ಟಪಟ್ಟು ನಿಲ್ಲುತ್ತದೆ, ಬ್ಯಾಟರಿ ಮೀಟರು ನೋಡನೋಡುತ್ತಾ ಇಳಿಯುತ್ತದೆ. ಮೇಲೆ ಬರುವಾಗ ಉಲ್ಟಾ. ಕೊನೆಯ ಹತ್ತು ಮೀಟರು ಬೆಂಡಿನ ಹಾಗೆ ಚಿಮ್ಮುತ್ತದೆ. ಕೇಳಿದರೆ ಮುದುಕಪ್ಪ ನಗುತ್ತಾರೆ, "ನೀನು ಎಂಜಿನಿಯರ್ ಅಲ್ವಾ, ಕಂಡುಹಿಡಿ" ಅನ್ನುತ್ತಾರೆ. ಅಲ್ಲಿ ನೆಲ ಮೂವತ್ತು ಮೀಟರಿಗೇ ಸಿಗುತ್ತದೆ, ಗಾಡಿ ಮುನ್ನೂರು ಮೀಟರಿನದು, ಹಾಗಾಗಿ ಜೀವಭಯ ಇಲ್ಲ. ಮರ್ಯಾದೆಯ ಪ್ರಶ್ನೆ ಮಾತ್ರ.

ಮಲ್ಪೆ ಬಂಗುಡೆ

ನಮ್ಮಲ್ಲಿ ದೋಣಿ ಮುಳುಗಿದರೆ ಅಳುತ್ತಾರೆ. ನಿಮ್ಮಲ್ಲಿ ಮುಳುಗಿಸೋಕೆ ಸಂಬಳ ಕೊಡುತ್ತಾರೆ. ಕಾಲ ಮಾರಾಯ್ರೆ.

ಕಾಕ್‌ಪಿಟ್ ಕುಮಾರ

ನಾನು ಹತ್ತು ವರ್ಷದಿಂದ ಕಂಪ್ಯೂಟರಿನಲ್ಲಿ ವಿಮಾನ ಓಡಿಸುವವನು, ಜಾಯ್‌ಸ್ಟಿಕ್ ವಿಷಯ ಗೊತ್ತು. ನೀವು ಜಾಸ್ತಿ ಅಲ್ಲಾಡಿಸುತ್ತಿದ್ದೀರಿ. ಸೆನ್ಸಿಟಿವಿಟಿ ಕಡಿಮೆ ಮಾಡಿಸಿ. ಮೂತಿ ಸ್ವಲ್ಪ ಮೇಲೆತ್ತಿ ಮುಂದೆ ತಳ್ಳಿ, ಆಳ ತಾನಾಗಿಯೇ ನಿಲ್ಲುತ್ತದೆ. ನೀರಿನೊಳಗೆ ಹಾರುವುದು ಅಷ್ಟೇ ಇದು.

ಹಳೇ ಡಾಲ್ಫಿನ್

ಕುಮಾರ್, ತಪ್ಪು ತಿಳಿಯಬೇಡಿ. ಇದು ಹಾರುವುದಲ್ಲ. ವಿಮಾನ ಗಾಳಿಗಿಂತ ಎಷ್ಟೋ ಪಟ್ಟು ಸಾಂದ್ರ, ನಿಂತರೆ ಬೀಳುತ್ತದೆ, ಅದಕ್ಕೇ ರೆಕ್ಕೆ ಬೇಕು. ಸಬ್‌ಮರೀನ್ ನಿಂತಲ್ಲೇ ನಿಲ್ಲಬೇಕು. ಅದರ ತೂಕ ಮತ್ತು ಅದು ಸರಿಸಿದ ನೀರಿನ ತೂಕ ಒಂದೇ ಆದರೆ ಯಾವ ಮೋಟರೂ ಬೇಡ. ಆಳ ಹಿಡಿಯುವ ಕೆಲಸ ಕೈಯದಲ್ಲ, ತಕ್ಕಡಿಯದು. ಗಾಡಿ ನೀರಿಗಿಳಿಯುವ ಮೊದಲೇ ಅದು ಮುಗಿದಿರಬೇಕು.

ನಾನು ವಿಶಾಖಪಟ್ಟಣದಲ್ಲಿ ಫಾಕ್ಸ್‌ಟ್ರಾಟ್ ಅನ್ನುವ ಸೋವಿಯತ್ ಕಾಲದ ನೇವಿ ಸಬ್‌ಮರೀನಿನಲ್ಲಿ ಇದ್ದವನು. ಬಂದರು ಬಿಟ್ಟ ಮೇಲೆ ಮೊದಲು ಮಾಡುತ್ತಿದ್ದುದೇ ಟ್ರಿಮ್ ಡೈವ್, ಅಂದರೆ ತೂಕ ಸರಿಮಾಡೋಕೆ ಮುಳುಗುವುದು. ಎಷ್ಟು ಡೀಸೆಲ್ ತುಂಬಿದೆ, ಎಷ್ಟು ಅಕ್ಕಿ ಬೇಳೆ ಹತ್ತಿದೆ, ಎಲ್ಲ ಲೆಕ್ಕ ಹಾಕಿ ಟ್ಯಾಂಕುಗಳಲ್ಲಿ ನೀರು ಸರಿಮಾಡುತ್ತಿದ್ದೆವು. ಆ ದೊಡ್ಡ ಆನೆಗೂ ಅದೇ ನಿಯಮ, ನಿಮ್ಮ ಇಲಿಮರಿಗೂ ಅದೇ.

ಹುಡುಗಾ, ಮೂರು ಪ್ರಶ್ನೆ. ಒಂದು, ಸೀಸದ ಭಾರ ಎಷ್ಟು ಹಾಕುತ್ತೀರಿ, ಯಾರು ನಿರ್ಧಾರ ಮಾಡುತ್ತಾರೆ? ಎರಡು, ಗಾಡಿಯಲ್ಲಿ ಬ್ಯಾಲಾಸ್ಟ್ ಟ್ಯಾಂಕ್ ಬಿಟ್ಟು ಬೇರೆ ಸಣ್ಣ ಟ್ರಿಮ್ ಟ್ಯಾಂಕ್ ಇದೆಯಾ? ಮೂರು, ಮುಳುಗುವಾಗ ವೆಂಟ್ ಎಷ್ಟು ಹೊತ್ತು ತೆರೆದಿಡುತ್ತೀರಿ?

ಕಾಕ್‌ಪಿಟ್ ಕುಮಾರ

ಸರ್, ರೆಕ್ಕೆ ಇರುವ ಪುಟ್ಟ ಸಬ್‌ಮರೀನ್‌ಗಳೂ ಇವೆ. ಡೀಪ್‌ಫ್ಲೈಟ್ ಅಂತ ಅಮೆರಿಕದ್ದು. ಅದು ನಿಜವಾಗಿಯೂ ಹಾರುತ್ತದೆ.

ಹಳೇ ಡಾಲ್ಫಿನ್

ಒಪ್ಪಿದೆ. ಅದು ನೀರಿಗಿಂತ ಹಗುರ, ರೆಕ್ಕೆ ತಲೆಕೆಳಗು, ಮೋಟರು ನಿಲ್ಲಿಸಿದರೆ ತಾನೇ ಮೇಲೆ ಬರುತ್ತದೆ. ಆದರೆ ಅದು ಒಂದು ಮೀನಿನ ಎದುರು ಐದು ನಿಮಿಷ ಸುಮ್ಮನೆ ನಿಲ್ಲಬಲ್ಲದಾ? ನಮ್ಮ ಹುಡುಗ ಕೇಳಿದ್ದು ನಿಲ್ಲಿಸುವುದು ಹೇಗೆ ಅಂತ.

ತುಂಗೆ ತೀರದ ಮೇಷ್ಟ್ರು

ನಾನು ಸಬ್‌ಮರೀನ್ ಒಳಗೆ ಕೂತವನಲ್ಲ, ಶಿವಮೊಗ್ಗದಲ್ಲಿ ಭೌತಶಾಸ್ತ್ರ ಕಲಿಸಿದವನು. ನನಗೆ ಒಂದು ಅನುಮಾನ. ಈ ಗಾಡಿಯ ತೂಕ ಸರಿಮಾಡಿದ್ದು ಸಿಹಿನೀರಿನ ಕೊಳದಲ್ಲೋ, ಸಮುದ್ರದಲ್ಲೋ? ಸಿಹಿನೀರು ಘನಮೀಟರಿಗೆ 1000 ಕಿಲೋ, ಸಮುದ್ರದ ನೀರು ಸುಮಾರು 1025. ಗಾಡಿ ನಾಲ್ಕು ಘನಮೀಟರ್ ನೀರು ಸರಿಸುತ್ತದೆ ಅಂದರೆ ವ್ಯತ್ಯಾಸ ನೂರು ಕಿಲೋ! ಒಬ್ಬ ಮನುಷ್ಯನಿಗಿಂತ ಜಾಸ್ತಿ.

ಪಡುಬಿದ್ರೆ ಪ್ರಭಾ

ಮೇಷ್ಟ್ರೇ, ಹಾಗಿದ್ದರೆ ಗಾಡಿ ಮುಳುಗುತ್ತಲೇ ಇರಲಿಲ್ಲ ಅಲ್ವಾ? ಸಿಹಿನೀರಿಗೆ ಸರಿಯಾದದ್ದು ಸಮುದ್ರದಲ್ಲಿ ತೇಲುತ್ತದೆ. ಇವರದು ಕೆಳಗೆ ಎಳೆಯುತ್ತಿದೆ.

ತುಂಗೆ ತೀರದ ಮೇಷ್ಟ್ರು

ಹೌದಲ್ಲ. ಹಿಂದಿನ ಬೆಂಚಿನಿಂದ ಸರಿಯಾದ ಉತ್ತರ ಬಂತು. ನನ್ನ ಅನುಮಾನ ವಾಪಸ್.

ಅಘನಾಶಿನಿ ಹುಡುಗ

ಡಾಲ್ಫಿನ್ ಸರ್, ಉತ್ತರ ಕೊಡುತ್ತೇನೆ.

ಒಂದು, ಇಳಿಯುವ ಮೊದಲು ಮೂವರನ್ನೂ ತೂಕ ಮಾಡುತ್ತಾರೆ. ಕ್ಯಾಮರಾ, ನೀರಿನ ಬಾಟಲಿ ಸಮೇತ. ನಾನು 64 ಕಿಲೋ, ಮುದುಕಪ್ಪ 97. ಕಡಿಮೆ ಬಿದ್ದಷ್ಟಕ್ಕೆ ಸೀಸದ ಚೀಲ ಇಡುತ್ತೇವೆ. ಎರಡು, ಟ್ರಿಮ್ ಟ್ಯಾಂಕ್ ಇದೆ, ಗಟ್ಟಿ ಗೋಡೆಯದು, ಪಂಪಿನಿಂದ ನೀರು ತುಂಬಿಸಬಹುದು, ಖಾಲಿ ಮಾಡಬಹುದು. ಐದು ಮೀಟರಿನಲ್ಲಿ ನಿಂತು ಅದನ್ನು ಸರಿಮಾಡಿಕೊಂಡೇ ಕೆಳಗೆ ಹೋಗುವುದು. ಮೂರು, ವೆಂಟ್ ತೆಗೆಯುತ್ತೇನೆ, ಗುಳುಗುಳು ನಿಂತ ಮೇಲೆ ಮುಚ್ಚುತ್ತೇನೆ. ಒಂದು ನಿಮಿಷ ಇರಬಹುದು.

ನೇತ್ರಾಣಿ ಆಮೆ

ಅಯ್ಯೋ, ಇದು ನನ್ನ ವಿದ್ಯಾರ್ಥಿಗಳ ಕಥೆಯೇ! ನಾನು ಮುರ್ಡೇಶ್ವರದಿಂದ ನೇತ್ರಾಣಿಗೆ ಜನರನ್ನು ಸ್ಕೂಬಾಕ್ಕೆ ಕರೆದುಕೊಂಡು ಹೋಗುವವಳು. ಹೊಸಬರು ಮೇಲೆ ಇರುವಾಗ ಜಾಕೆಟಿಗೆ ಗಾಳಿ ತುಂಬಿಕೊಂಡು ಸರಿಯಾಗಿ ತೇಲುತ್ತಾರೆ. ಸ್ವಲ್ಪ ಕೆಳಗೆ ಹೋದರೆ ಆ ಗಾಳಿ ಕುಗ್ಗಿ ಕಲ್ಲಿನ ಹಾಗೆ ಇಳಿಯುತ್ತಾರೆ. ಹೆದರಿ ಇನ್ನಷ್ಟು ಗಾಳಿ ತುಂಬುತ್ತಾರೆ. ಆಮೇಲೆ ಮೇಲೆ ಬರುವಾಗ ಅದೇ ಗಾಳಿ ಹಿಗ್ಗಿ ಬಲೂನಿನ ಹಾಗೆ ಹಾರುತ್ತಾರೆ. ನಿಮ್ಮ ಗಾಡಿಯಲ್ಲಿ ಎಲ್ಲೋ ಗಾಳಿ ಉಳಿದಿದೆ.

ಹಳೇ ಡಾಲ್ಫಿನ್

ತಂಗಿ ಸರಿಯಾಗಿ ಹಿಡಿದಳು. ನಾನು ಅಲ್ಲಿಗೇ ಬರುತ್ತಿದ್ದೆ.

ನೋಡಿ ಹುಡುಗಾ. ನಿಮ್ಮ ಬ್ಯಾಲಾಸ್ಟ್ ಟ್ಯಾಂಕಿನ ತಳ ತೆರೆದೇ ಇರುತ್ತದೆ. ಬೋರಲು ಹಾಕಿದ ಕೊಡ ಇದ್ದ ಹಾಗೆ. ವೆಂಟ್ ಮೇಲುಗಡೆ ಒಂದೇ ಜಾಗದಲ್ಲಿ ಇದೆ. ಗಾಡಿ ಸ್ವಲ್ಪ ಮೂತಿ ಎತ್ತಿಕೊಂಡೋ, ಒಂದು ಕಡೆ ವಾಲಿಕೊಂಡೋ ಇದ್ದರೆ ಟ್ಯಾಂಕಿನ ಮೇಲಿನ ಮೂಲೆಯಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಗುಳುಗುಳು ನಿಲ್ಲುತ್ತದೆ, ನೀವು ಎಲ್ಲ ಹೋಯಿತು ಅಂದುಕೊಳ್ಳುತ್ತೀರಿ. ಆ ಗಾಳಿಯನ್ನೂ ಸೇರಿಸಿಯೇ ಐದು ಮೀಟರಿನಲ್ಲಿ ತೂಕ ಸರಿಮಾಡುತ್ತೀರಿ. ಅದಕ್ಕೇ ಅಲ್ಲಿ ಚೆನ್ನಾಗಿ ನಿಲ್ಲುತ್ತದೆ.

ಲೆಕ್ಕ ಹಾಕಿ. ಮೇಲ್ಮೈಯಲ್ಲಿ ಇಪ್ಪತ್ತು ಲೀಟರ್ ಗಾಳಿ ಉಳಿದಿದೆ ಅನ್ನಿ. ಹತ್ತು ಮೀಟರಿಗೆ ಒಂದು ಬಾರ್ ಒತ್ತಡ ಏರುತ್ತದೆ. ಮೂವತ್ತು ಮೀಟರಿಗೆ ಅದು ಮೂರನೇ ಒಂದು ಭಾಗ ಆಗುತ್ತದೆ.

ತುಂಗೆ ತೀರದ ಮೇಷ್ಟ್ರು

ಕ್ಷಮಿಸಿ, ನಾಲ್ಕನೇ ಒಂದು ಭಾಗ. ಮೇಲ್ಮೈಯಲ್ಲಿ ಗಾಳಿಯದೇ ಒಂದು ಬಾರ್ ಇದ್ದೇ ಇದೆ. ಮೂವತ್ತು ಮೀಟರಿನಲ್ಲಿ ಒಟ್ಟು ನಾಲ್ಕು ಬಾರ್. ಇಪ್ಪತ್ತು ಲೀಟರ್ ಐದು ಲೀಟರ್ ಆಗುತ್ತದೆ. ಹದಿನೈದು ಲೀಟರ್ ಜಾಗಕ್ಕೆ ನೀರು ಬಂತು, ಅಂದರೆ ಹದಿನೈದು ಕಿಲೋ ಭಾರ ಹೆಚ್ಚಾಯಿತು.

ಹಳೇ ಡಾಲ್ಫಿನ್

ಸರಿ ಮೇಷ್ಟ್ರೇ, ವಯಸ್ಸಾಯಿತು. ಹದಿನೈದು ಕಿಲೋ. ಅದರ ಅರ್ಧಕ್ಕಿಂತ ಜಾಸ್ತಿ ಮೊದಲ ಹತ್ತು ಮೀಟರಿನಲ್ಲೇ ಆಗುತ್ತದೆ, ಅದನ್ನು ಗಮನಿಸಿ. ಇಪ್ಪತ್ತು ಲೀಟರ್ ಹತ್ತಾಗುವುದು ಅಲ್ಲೇ. ಮೇಲೆ ಬರುವಾಗ ಕೊನೆಯ ಹತ್ತು ಮೀಟರು ಚಿಮ್ಮುವುದೂ ಇದಕ್ಕೇ. ಒಂದೇ ಕಳ್ಳ, ಎರಡು ಕಳ್ಳತನ.

ಪರಿಹಾರ ಹಳೆಯದು. ದೊಡ್ಡ ಸಬ್‌ಮರೀನಿನಲ್ಲಿ ಮುಳುಗಿದ ಮೇಲೆ ವೆಂಟುಗಳನ್ನು ಮುಚ್ಚಿ ಮತ್ತೆ ತೆರೆಯುತ್ತೇವೆ, ಉಳಿದ ಗಾಳಿ ಹೋಗಲಿ ಅಂತ. ನೀವು ಮೂರು ಮೀಟರಿನಲ್ಲಿ ನಿಂತು ವೆಂಟ್ ತೆರೆದಿಡಿ. ಥ್ರಸ್ಟರಿನಿಂದ ಮೂತಿ ಸ್ವಲ್ಪ ಕೆಳಗೆ, ಸ್ವಲ್ಪ ಮೇಲೆ ಮಾಡಿ. ಎಡಕ್ಕೆ ಬಲಕ್ಕೆ ವಾಲಿಸಿ. ಮೇಲೆ ದೋಣಿಯಲ್ಲಿರುವವನಿಗೆ ಗುಳ್ಳೆ ನೋಡೋಕೆ ಹೇಳಿ. ಒಂದು ಗುಳ್ಳೆಯೂ ಬರದಿದ್ದಾಗ ಮುಚ್ಚಿ. ಆಮೇಲೆ ಟ್ರಿಮ್ ಟ್ಯಾಂಕ್ ಸರಿಮಾಡಿ. ಕ್ರಮ ತಪ್ಪಬೇಡಿ.

ಅಘನಾಶಿನಿ ಹುಡುಗ

ಸರ್... ಒಂದು ವಿಷಯ ಮುಚ್ಚಿಟ್ಟಿದ್ದೆ. ಮೊನ್ನೆ ಇಪ್ಪತ್ತೈದು ಮೀಟರಿನಲ್ಲಿ ಥ್ರಸ್ಟರ್ ಸಾಲದೆ ಬ್ಲೋ ವಾಲ್ವ್ ಒಂದು ಚೂರು ತಿರುಗಿಸಿದೆ. ಒಂದೇ ಒಂದು ಪುಸ್ ಅನ್ನಿಸಿದೆ. ಗಾಡಿ ನಿಂತಿತು, ನನಗೂ ಖುಷಿಯಾಯಿತು. ಮೇಲೆ ಬರುವಾಗ ಮಾತ್ರ ಅರ್ಧ ಗಾಡಿ ನೀರಿನಿಂದ ಹೊರಗೆ ಹಾರಿತು. ಮುದುಕಪ್ಪನ ಟೋಪಿ ಬಿತ್ತು. ಅವತ್ತು ಬೈದ ಬೈಗುಳ ನನಗೆ ಅರ್ಧ ಅರ್ಥ ಆಗಲಿಲ್ಲ.

ತುಂಗೆ ತೀರದ ಮೇಷ್ಟ್ರು

ಇಪ್ಪತ್ತೈದು ಮೀಟರಿನಲ್ಲಿ ಮೂರೂವರೆ ಬಾರ್. ಅಲ್ಲಿ ಹತ್ತು ಲೀಟರ್ ಗಾಳಿ ಬಿಟ್ಟಿರಿ ಅಂದರೆ ಮೇಲೆ ಬಂದಾಗ ಅದು ಮೂವತ್ತೈದು ಲೀಟರ್. ಹಳೆಯ ಇಪ್ಪತ್ತು ಬೇರೆ. ಟೋಪಿ ಒಂದೇ ಬಿದ್ದದ್ದು ಪುಣ್ಯ.

ನೇತ್ರಾಣಿ ಆಮೆ

ಟೋಪಿ ಇರಲಿ, ಮೇಲೆ ದೋಣಿ ಇದ್ದಿದ್ದರೆ? ಮೇಲೆ ಬರುತ್ತೇನೆ ಅಂತ ಹೇಳದೆ ಬರಲೇಬಾರದು. ನಮಗೆ ಅದು ಮೊದಲ ಪಾಠ.

ಹಳೇ ಡಾಲ್ಫಿನ್

ಆ ಹುಡುಗಿ ಹೇಳಿದ್ದು ಬರೆದಿಟ್ಟುಕೊಳ್ಳಿ. ನೀರಿನೊಳಗಿನ ಫೋನಿನಲ್ಲಿ ಕೇಳಿ, ಮೇಲಿನವರು ಜಾಗ ಖಾಲಿ ಇದೆ ಅಂದ ಮೇಲೆ ಮಾತ್ರ. ರೇಡಿಯೋ ನೀರಿನಲ್ಲಿ ಕೆಲಸಕ್ಕೆ ಬರುವುದಿಲ್ಲ, ಶಬ್ದ ಒಂದೇ ದಾರಿ.

ಬ್ಲೋ ವಾಲ್ವ್ ಮೇಲ್ಮೈಗೆ ಬಂದ ಮೇಲೆ ಎತ್ತರಕ್ಕೆ ತೇಲೋಕೆ, ಇಲ್ಲಾ ತುರ್ತಿಗೆ. ಆಳ ಸರಿಮಾಡೋಕೆ ಅಲ್ಲವೇ ಅಲ್ಲ. ಅದಕ್ಕೆ ಗಟ್ಟಿ ಗೋಡೆಯ ಟ್ರಿಮ್ ಟ್ಯಾಂಕ್ ಇದೆ. ಅದರ ಗೋಡೆ ಒತ್ತಡ ತಡೆಯುತ್ತದೆ, ಒಳಗಿನ ಗಾಳಿ ಕುಗ್ಗುವುದಿಲ್ಲ, ಹಾಕಿದ ನೀರು ಎಷ್ಟು ಆಳಕ್ಕೆ ಹೋದರೂ ಅಷ್ಟೇ ಇರುತ್ತದೆ. ಪಂಪು ನಿಧಾನ. ನಿಧಾನವಾಗಿಯೇ ಇರಬೇಕು.

ಧಾರವಾಡ ಪೇಡೆ

ಅಲ್ರೀ, ಇಷ್ಟೆಲ್ಲ ಯಾಕೆ? ಗಾಳಿ ಸಿಲಿಂಡರ್ ಇದೆಯಲ್ಲ. ಏನಾದರೂ ಆದರೆ ಪೂರ್ತಿ ಊದಿ ಮೇಲೆ ಬಂದುಬಿಡುವುದು.

ಹಳೇ ಡಾಲ್ಫಿನ್

ಪೇಡೆಯವರೇ, ಐವತ್ತು ಲೀಟರಿನ ಸಿಲಿಂಡರ್, 200 ಬಾರ್ ಒತ್ತಡ ಅಂದುಕೊಳ್ಳಿ. ಮೇಲೆ ಅದು ಸುಮಾರು ಹತ್ತು ಸಾವಿರ ಲೀಟರ್ ಗಾಳಿ. ನೂರು ಮೀಟರ್ ಕೆಳಗೆ ಹನ್ನೊಂದು ಬಾರ್. ಅಲ್ಲಿ ಅದೇ ಸಿಲಿಂಡರ್ ಟ್ಯಾಂಕಿನಿಂದ ಹೊರಗೆ ತಳ್ಳಬಲ್ಲ ನೀರು ಸಾವಿರ ಲೀಟರಿಗಿಂತ ಕಡಿಮೆ. ಆಳಕ್ಕೆ ಹೋದಷ್ಟೂ ನಿಮ್ಮ ಸಿಲಿಂಡರ್ ಬಡವಾಗುತ್ತದೆ. ಆದ್ದರಿಂದಲೇ ಕಳಚುವ ಭಾರ. ಅದಕ್ಕೆ ಗಾಳಿ ಬೇಡ, ಕರೆಂಟು ಬೇಡ, ಕೈಯಿಂದ ತಿರುಗಿಸಿದರೆ ಬೀಳುತ್ತದೆ.

ಬೆಂಗಳೂರು ಬೈಟ್

ಎಲ್ಲ ಸರಿ, ಆದರೆ ಜಾಯ್‌ಸ್ಟಿಕ್‌ನ ನಂಬಬೇಡಿ. 2023ರ ಜೂನ್‌ನಲ್ಲಿ ಟೈಟಾನಿಕ್ ನೋಡೋಕೆ ಹೋದ ಟೈಟನ್ ಸಬ್‌ಮರೀನ್ ಏನಾಯಿತು? ವಿಡಿಯೋ ಗೇಮ್ ಕಂಟ್ರೋಲರ್ ಇಟ್ಟುಕೊಂಡು ಓಡಿಸುತ್ತಿದ್ದರು. ಐದು ಜನ ಹೋದರು.

ಕಾಕ್‌ಪಿಟ್ ಕುಮಾರ

ಕಂಟ್ರೋಲರಿನಿಂದ ಹೋಗಲಿಲ್ಲ! ಎಷ್ಟು ಸಲ ಹೇಳುವುದು. ಒಡೆದದ್ದು ಕಾರ್ಬನ್ ಫೈಬರಿನ ಗೋಡೆ. ಅಮೆರಿಕದ ನೇವಿಯೇ ವರ್ಜೀನಿಯಾ ದರ್ಜೆಯ ಸಬ್‌ಮರೀನಿನಲ್ಲಿ ಪೆರಿಸ್ಕೋಪಿನ ಬದಲು ಬಂದ ಕ್ಯಾಮರಾ ಕಂಬ ತಿರುಗಿಸೋಕೆ ಎಕ್ಸ್‌ಬಾಕ್ಸ್ ಕಂಟ್ರೋಲರ್ ಕೊಟ್ಟಿದೆ. ಹೊಸ ಹುಡುಗರಿಗೆ ಕಲಿಸೋದೇ ಬೇಡ, ಮನೆಯಲ್ಲೇ ಕಲಿತು ಬಂದಿರುತ್ತಾರೆ.

ಬೆಂಗಳೂರು ಬೈಟ್

ಕ್ಯಾಮರಾ ತಿರುಗಿಸೋದು ಬೇರೆ, ಗಾಡಿ ಓಡಿಸೋದು ಬೇರೆ. ಟೈಟನ್‌ನಲ್ಲಿ ಇದ್ದದ್ದು ವೈರ್‌ಲೆಸ್. ಬ್ಲೂಟೂತ್ ಇಯರ್‌ಫೋನ್ ಬಸ್ಸಿನಲ್ಲಿ ಕೈಕೊಡುವುದು ನೋಡಿದ್ದೇನೆ, ಸಮುದ್ರದ ತಳದಲ್ಲಿ ನಂಬಬೇಕಾ?

ಹಳೇ ಡಾಲ್ಫಿನ್

ಇಬ್ಬರೂ ಅರ್ಧ ಸರಿ. ನಾನು ಕೇಳುವುದು ಒಂದೇ. ಆ ಕಡ್ಡಿ ಕೆಲಸ ನಿಲ್ಲಿಸಿದರೆ ಮುಂದೇನು? ಹುಡುಗನ ಗಾಡಿಯಲ್ಲಿ ಜಾಯ್‌ಸ್ಟಿಕ್ ಸತ್ತರೂ ಕೈಯಿಂದ ತಿರುಗಿಸುವ ವಾಲ್ವ್ ಇದೆ, ಭಾರ ಕಳಚುವ ಹಿಡಿ ಇದೆ. ಟೈಟನ್‌ನಲ್ಲಿಯೂ ಭಾರ ಕಳಚುವ ದಾರಿಗಳು ಇದ್ದವು. ಗೋಡೆಯೇ ಹೋದರೆ ಯಾವ ಹಿಡಿ ಹಿಡಿದು ಏನು.

ಅಘನಾಶಿನಿ ಹುಡುಗ

ನಮ್ಮದರಲ್ಲಿ ಇನ್ನೊಂದಿದೆ. ಪೈಲಟ್ ಎಚ್ಚರ ಇದ್ದಾನೆ ಅಂತ ಆಗಾಗ ಒಂದು ಬಟನ್ ಒತ್ತಬೇಕು. ಒತ್ತದಿದ್ದರೆ ಗಾಡಿ ತಾನೇ ಮೇಲೆ ಹೊರಡುತ್ತದೆ. ಮೊದಲ ದಿನ ಆಮೆ ನೋಡುತ್ತಾ ಮರೆತೆ. ಪೀಂ ಪೀಂ ಅಂತ ಕೂಗಿತು, ಎದೆ ಬಾಯಿಗೆ ಬಂತು.

ಪಡುಬಿದ್ರೆ ಪ್ರಭಾ

ನಮ್ಮ ಆಫೀಸಿಗೂ ಅದನ್ನು ಹಾಕಿಸಬೇಕು.

ಕುಂದಾಪ್ರ ಅಮ್ಮಮ್ಮ

ಮಗಾ, ಅದೆಲ್ಲ ಸರಿ. ಒಳಗೆ ಉಸಿರಾಡೋಕೆ ಏನು ವ್ಯವಸ್ಥೆ? ಆ ಗುಂಡಿನೊಳಗೆ ಮೂರು ಜನ ಬಾಗಿಲು ಹಾಕಿಕೊಂಡು ಕೂತರೆ ಉಬ್ಬಸ ಬರುವುದಿಲ್ಲವಾ? ನಿಮ್ಮ ಅಮ್ಮನಿಗೆ ಗೊತ್ತುಂಟಾ ನೀನು ಇದೆಲ್ಲ ಮಾಡುವುದು?

ಅಘನಾಶಿನಿ ಹುಡುಗ

ಅಮ್ಮನಿಗೆ ಎಂಜಿನ್ ರೂಮು ಅಂತಲೇ ಹೇಳಿದ್ದೇನೆ ಅಮ್ಮಮ್ಮ. ಸುಳ್ಳಲ್ಲ, ಇದರಲ್ಲೂ ಮೋಟರು ಇದೆ.

ಉಸಿರಿಗೆ ಎರಡು ಕೆಲಸ. ಒಬ್ಬ ಮನುಷ್ಯನಿಗೆ ನಿಮಿಷಕ್ಕೆ ಅರ್ಧ ಲೀಟರಿನ ಆಸುಪಾಸು ಆಕ್ಸಿಜನ್ ಅಂತ ಲೆಕ್ಕ ಇಟ್ಟುಕೊಳ್ಳುತ್ತೇವೆ. ಮೂವರಿಗೆ ಒಂದೂವರೆ ಲೀಟರ್. ಅಷ್ಟನ್ನೇ ಸಿಲಿಂಡರಿನಿಂದ ಸಣ್ಣಗೆ ಬಿಡುತ್ತಾ ಇರುತ್ತೇವೆ. ಜಾಸ್ತಿ ಬಿಟ್ಟರೂ ತಪ್ಪು, ಬೆಂಕಿಯ ಭಯ. ಇನ್ನೊಂದು, ನಾವು ಬಿಡುವ ಇಂಗಾಲದ ಡೈಆಕ್ಸೈಡ್ ತೆಗೆಯಬೇಕು. ಅದಕ್ಕೆ ಸೋಡಾ ಲೈಮ್ ಅನ್ನುವ ಬಿಳಿ ಕಾಳು ತುಂಬಿದ ಡಬ್ಬ, ಅದಕ್ಕೊಂದು ಫ್ಯಾನ್. ಒಳಗಿನ ಗಾಳಿ ಅದರ ಮೂಲಕ ಸುತ್ತುತ್ತಲೇ ಇರುತ್ತದೆ. ಕಾಲು ಗಂಟೆಗೊಮ್ಮೆ ಆಕ್ಸಿಜನ್, ಡೈಆಕ್ಸೈಡ್, ಒಳಗಿನ ಒತ್ತಡ ಮೂರನ್ನೂ ಓದಿ ಬರೆಯಬೇಕು. ಒಳಗೆ ಮೇಲಿನ ಒತ್ತಡವೇ ಇರುವುದರಿಂದ ಕಿವಿ ನೋವು ಇಲ್ಲ, ಸ್ಕೂಬಾದವರ ಹಾಗೆ ನಿಂತು ನಿಂತು ಬರಬೇಕಾಗಿಯೂ ಇಲ್ಲ.

ತುಂಗೆ ತೀರದ ಮೇಷ್ಟ್ರು

ಅಮ್ಮಮ್ಮ, ಸೋಡಾ ಲೈಮ್ ಅಂದರೆ ಮುಕ್ಕಾಲಕ್ಕಿಂತ ಜಾಸ್ತಿ ನಮ್ಮ ಅರಳಿದ ಸುಣ್ಣವೇ. ಎಲೆಗೆ ಹಚ್ಚುವುದು.

ಕುಂದಾಪ್ರ ಅಮ್ಮಮ್ಮ

ಹಾಗಾದರೆ ನನ್ನ ಎಲೆ ಚೀಲ ತೆಗೆದುಕೊಂಡು ಬಂದರೆ ಸಾಕಲ್ಲ!

ತುಂಗೆ ತೀರದ ಮೇಷ್ಟ್ರು

ಸಾಲದು. ಅದಕ್ಕೆ ಸ್ವಲ್ಪ ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿ, ತೇವ ಹದ ನೋಡಿ, ಕಾಳಿನ ಹಾಗೆ ಮಾಡಿರುತ್ತಾರೆ. ಗಾಳಿ ನಡುವೆ ಹರಿಯಬೇಕಲ್ಲ. ಬಾಯಿಗೆ ಮಾತ್ರ ಹಾಕಬೇಡಿ.

ಹಳೇ ಡಾಲ್ಫಿನ್

ನಗುವಿನ ನಡುವೆ ಒಂದು ಗಂಭೀರ ವಿಷಯ. ಆಕ್ಸಿಜನ್ ಮುಗಿದು ಸಾಯುತ್ತಾರೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮೊದಲು ಕೊಲ್ಲುವುದು ಡೈಆಕ್ಸೈಡ್.

1973ರ ಜೂನ್‌ನಲ್ಲಿ ಫ್ಲಾರಿಡಾದ ಕೀ ವೆಸ್ಟ್ ಹತ್ತಿರ ಜಾನ್ಸನ್ ಸೀ ಲಿಂಕ್ ಅನ್ನುವ ಪುಟ್ಟ ಸಬ್‌ಮರೀನ್ ಮುಳುಗಿದ್ದ ಹಳೆಯ ಯುದ್ಧನೌಕೆಗೆ ಸಿಕ್ಕಿಕೊಂಡಿತು. ನಾಲ್ಕು ಜನ. ಮುಂದೆ ಇಬ್ಬರು ಅಕ್ರಿಲಿಕ್ ಗುಂಡಿನಲ್ಲಿ, ಹಿಂದೆ ಇಬ್ಬರು ಅಲ್ಯೂಮಿನಿಯಂ ಕೋಣೆಯಲ್ಲಿ. ಅಕ್ರಿಲಿಕ್ ಶಾಖ ಬಿಡುವುದಿಲ್ಲ, ಅಲ್ಯೂಮಿನಿಯಂ ಬೇಗ ಬಿಡುತ್ತದೆ. ಹಿಂದಿನ ಕೋಣೆ ನೀರಿನಷ್ಟೇ ತಣ್ಣಗಾಯಿತು. ಆ ಚಳಿಗೆ ಡೈಆಕ್ಸೈಡ್ ಹೀರುವ ಪುಡಿ ಸರಿಯಾಗಿ ಕೆಲಸ ಮಾಡಲಿಲ್ಲ. ಮೇಲೆತ್ತುವ ಹೊತ್ತಿಗೆ ಹಿಂದಿನ ಇಬ್ಬರೂ ಹೋಗಿದ್ದರು. ಮುಂದಿನವರು ಬದುಕಿದರು. ಸತ್ತವರಲ್ಲಿ ಒಬ್ಬ ಆ ಸಬ್‌ಮರೀನ್ ರೂಪಿಸಿದವರಲ್ಲಿ ಒಬ್ಬರಾದ ಎಡ್ವಿನ್ ಲಿಂಕ್ ಅವರ ಮಗ.

ಕಾಕ್‌ಪಿಟ್ ಕುಮಾರ

ಎಡ್ವಿನ್ ಲಿಂಕ್? ಲಿಂಕ್ ಟ್ರೇನರ್ ಮಾಡಿದವರೇ? ಪೈಲಟ್‌ಗಳಿಗೆ ನೆಲದ ಮೇಲೆ ಕೂರಿಸಿ ವಿಮಾನ ಕಲಿಸುವ ಮಷೀನ್ ಕಂಡುಹಿಡಿದವರು! ನನ್ನ ಹುಚ್ಚಿಗೆಲ್ಲ ಮೂಲಪುರುಷ ಅವರು. ಈ ಕಥೆ ಗೊತ್ತೇ ಇರಲಿಲ್ಲ.

ಹಳೇ ಡಾಲ್ಫಿನ್

ಅವರೇ.

ಪಡುಬಿದ್ರೆ ಪ್ರಭಾ

ಅದೇ 1973ರಲ್ಲಿ ಐರ್ಲೆಂಡ್ ಕಡೆ ಇನ್ನೊಂದು ಆಗಿತ್ತಲ್ಲ, ಪೈಸಿಸ್ 3? ಟೆಲಿಫೋನ್ ಕೇಬಲ್ ಹೂಳುವ ಕೆಲಸ. ಮೇಲೆತ್ತುವಾಗ ಎಳೆಯುವ ಹಗ್ಗ ಸಿಕ್ಕಿ ಹಿಂದಿನ ಮುಚ್ಚಳ ಕಿತ್ತುಹೋಯಿತು, ಮಷೀನಿನ ಕೋಣೆಗೆ ನೀರು ನುಗ್ಗಿತು, ಸುಮಾರು 480 ಮೀಟರ್ ಕೆಳಗೆ ಬಿತ್ತು. ಒಳಗೆ ರೋಜರ್ ಚಾಪ್‌ಮನ್, ರೋಜರ್ ಮಾಲಿನ್ಸನ್. 76 ಗಂಟೆ. ಮಾತಾಡದೆ, ಅಲ್ಲಾಡದೆ ಬಿದ್ದುಕೊಂಡು ಆಕ್ಸಿಜನ್ ಉಳಿಸಿದರು. ಇಬ್ಬರೂ ಬದುಕಿದರು.

ಮಲ್ಪೆ ಬಂಗುಡೆ

ಎರಡು ಜನ 76 ಗಂಟೆ ಮಾತಾಡದೆ ಕೂತರಾ? ನಮ್ಮ ಬೋಟಿನಲ್ಲಿ ಆಗುವ ಮಾತಲ್ಲ.

ಧಾರವಾಡ ಪೇಡೆ

ನನ್ನ ತಕರಾರು ಬೇರೆ. ಕೋಟಿ ಕೋಟಿ ಸುರಿದು ಸಾಹುಕಾರರು ಮೀನು ನೋಡೋಕೆ ಹೋಗುವುದು, ಅದಕ್ಕೆ ನಾವೆಲ್ಲ ಇಲ್ಲಿ ಕೂತು ಸಲಹೆ ಕೊಡುವುದು. ಏನ್ರೀ ಇದು?

ಅಘನಾಶಿನಿ ಹುಡುಗ

ಪೇಡೆಯವರೇ, ಯಜಮಾನರು ವರ್ಷಕ್ಕೆ ಹತ್ತು ಸಲ ಇಳಿಯಬಹುದು. ಮಿಕ್ಕ ದಿನ ಗಾಡಿಗೆ ಸಿಹಿನೀರು ಹಾಕಿ ತೊಳೆಯುವವನು, ಬಾಗಿಲಿನ ರಬ್ಬರು ರಿಂಗಿಗೆ ಗ್ರೀಸ್ ಹಚ್ಚುವವನು ನಾನು. ಆ ರಿಂಗಿನ ಮೇಲೆ ಒಂದು ತಲೆಕೂದಲು ಬಿದ್ದರೂ ನೀರು ಜಿನುಗುತ್ತದೆ. ನನ್ನ ತಂಗಿಯ ಓದು ಇದರಲ್ಲೇ ನಡೆಯುತ್ತಿದೆ.

ಧಾರವಾಡ ಪೇಡೆ

ಹಂಗಂದರೆ ಸರಿ ತಮ್ಮಾ. ಮಾತು ವಾಪಸ್ ತಗೊಂಡೆ. ಅರ್ಧ.

ಬೆಂಗಳೂರು ಬೈಟ್

ಸಾಹುಕಾರರದು ಬಿಡಿ, ನಮ್ಮದೂ ಬರುತ್ತಿದೆ. ಚೆನ್ನೈನ ಎನ್‌ಐಒಟಿ (ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ) ಅವರ ಮತ್ಸ್ಯ 6000. ಮೂರು ಜನ, ಟೈಟಾನಿಯಂ ಗುಂಡು, 2.1 ಮೀಟರ್ ಅಡ್ಡಳತೆ, 80 ಮಿಲಿಮೀಟರ್ ದಪ್ಪ. 6000 ಮೀಟರಿಗೆ ಅಂತ ಮಾಡಿದ್ದು. ತುರ್ತಿಗೆ 96 ಗಂಟೆಯ ಉಸಿರು.

ಪಡುಬಿದ್ರೆ ಪ್ರಭಾ

ಅದು ಇವರದರ ಹಾಗೆ ಪಾರದರ್ಶಕ ಅಲ್ಲ ಅಲ್ವಾ? ಚಿಕ್ಕ ಕಿಟಕಿಯಿಂದ ನೋಡಬೇಕು. ಅಘನಾಶಿನಿಯವರದೇ ವಾಸಿ.

ಹಳೇ ಡಾಲ್ಫಿನ್

6000 ಮೀಟರಿನಲ್ಲಿ ಆರುನೂರು ಬಾರ್. ಅಲ್ಲಿ ಕಿಟಕಿ ಇರುವುದೇ ದೊಡ್ಡದು.

ಹುಡುಗಾ, ಕೈ ವಿಷಯಕ್ಕೂ ಒಂದೆರಡು ಮಾತು. ನಾಲ್ಕು ಟನ್ನಿನ ಗಾಡಿ. ಲಿವರ್ ಬಿಟ್ಟ ಕೂಡಲೇ ನಿಲ್ಲುವುದಿಲ್ಲ. ಸ್ವಲ್ಪ ಒತ್ತಿ, ಬಿಡಿ, ಕಾಯಿರಿ. ಮೀಟರು ಚಲಿಸುವುದನ್ನು ನೋಡಿ, ಆಮೇಲೆ ಇನ್ನೊಂದು ಚೂರು. ಹೊಸಬರು ಏನೂ ಆಗಲಿಲ್ಲ ಅಂತ ಇನ್ನಷ್ಟು ಒತ್ತುತ್ತಾರೆ, ಅಷ್ಟರಲ್ಲಿ ಮೊದಲು ಒತ್ತಿದ್ದು ಬಂದಿರುತ್ತದೆ. ಬಂಡೆಯ ಕಡೆ ಹೋಗುತ್ತಿದ್ದರೆ ಮುಟ್ಟುವ ಮೊದಲೇ ರಿವರ್ಸ್ ಕೊಡಿ. ನೆಲದ ಹತ್ತಿರ ಮೇಲೆ ಕೆಳಗಿನ ಥ್ರಸ್ಟರ್ ಆದಷ್ಟು ಮುಟ್ಟಬೇಡಿ. ಅದರ ನೀರು ನೆಲಕ್ಕೆ ಬಡಿದು ಕೆಸರೆದ್ದರೆ ಹತ್ತು ನಿಮಿಷ ಹಾಲಿನೊಳಗೆ ಕೂತ ಹಾಗೆ. ಟ್ರಿಮ್ ಟ್ಯಾಂಕಿಗೆ ಒಂದೆರಡು ಲೀಟರ್ ನೀರು ಹಾಕಿ, ಎಲೆ ಬೀಳುವ ಹಾಗೆ ಕೂರಿಸಿ.

ನೇತ್ರಾಣಿ ಆಮೆ

ದೋಣಿ ದಡಕ್ಕೆ ತಾಗಿಸುವುದು ನೆನಪಿಸಿಕೊಳ್ಳಿ. ಹುಟ್ಟು ಹಾಕುವುದನ್ನು ಎಷ್ಟು ದೂರದಲ್ಲೇ ನಿಲ್ಲಿಸುತ್ತಾರೆ ನಿಮ್ಮ ಊರಲ್ಲಿ?

ಅಘನಾಶಿನಿ ಹುಡುಗ

ಅಪ್ಪ ತದಡಿಯಲ್ಲಿ ಎರಡು ದೋಣಿ ಉದ್ದ ಇರುವಾಗಲೇ ಹುಟ್ಟು ಒಳಗಿಟ್ಟು ಬೀಡಿ ಹಚ್ಚುತ್ತಿದ್ದರು. ಬೀಡಿ ಹೊತ್ತಿಕೊಳ್ಳುವಾಗ ದೋಣಿ ದಡಕ್ಕೆ ತಾಗುತ್ತಿತ್ತು. ಅರ್ಥವಾಯಿತು ಅಕ್ಕ. ನಾಳೆ ಬೆಳಿಗ್ಗೆ ಇಳಿಯುತ್ತೇವೆ, ಬಂದು ಹೇಳುತ್ತೇನೆ.

ಮಲ್ಪೆ ಬಂಗುಡೆ

ಬರದಿದ್ದರೆ ಬಲೆ ಹಾಕುತ್ತೇವೆ.

ಕುಂದಾಪ್ರ ಅಮ್ಮಮ್ಮ

ಬಿಡ್ತು ಅನ್ನು ಬಂಗುಡೆ.

ಅಘನಾಶಿನಿ ಹುಡುಗ

ಬಂದೆ. ಎಲ್ಲರಿಗೂ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೂರು ಮೀಟರಿನಲ್ಲಿ ನಿಲ್ಲಿಸಿದೆ. ಎರಡೂ ವೆಂಟ್ ತೆರೆದೆ. ಮೇಲೆ ರಬ್ಬರು ದೋಣಿಯಲ್ಲಿದ್ದವನಿಗೆ ಗುಳ್ಳೆ ನೋಡು ಅಂದೆ. ಮೂತಿ ಕೆಳಗೆ ಮಾಡಿದಾಗ ಏನೂ ಇಲ್ಲ. ಮೇಲೆ ಮಾಡಿದಾಗಲೂ ಇಲ್ಲ. ಡಾಲ್ಫಿನ್ ಸರ್ ತಪ್ಪಿದರು ಅಂದುಕೊಂಡೆ. ಆಮೇಲೆ ಮುಂದೆ ಕೂತ ಮುದುಕಪ್ಪನಿಗೆ ಬಲಗಡೆ ಸರಿಯಿರಿ ಅಂದೆ. 97 ಕಿಲೋ ಸರಿಯಿತು ನೋಡಿ, ಗಾಡಿ ವಾಲಿತು, ಎಡಗಡೆ ಟ್ಯಾಂಕಿನಿಂದ ಗುಳುಗುಳುಗುಳು ಅಂತ ಅರ್ಧ ನಿಮಿಷ ಬಂತು! ದೋಣಿಯವನು ಫೋನಿನಲ್ಲಿ ಕೂಗುತ್ತಿದ್ದ. ಇಷ್ಟು ದಿನ ಅವರು ಎಡಗಡೆ ಸೀಟಿನಲ್ಲಿ ಕೂರುತ್ತಿದ್ದರು, ಗಾಡಿ ಎಡಕ್ಕೆ ಒಂಚೂರು ವಾಲಿಯೇ ಇರುತ್ತಿತ್ತು, ಎಡ ಟ್ಯಾಂಕಿನ ವೆಂಟ್ ಹೊರ ಅಂಚಿಗಿದೆ, ಒಳ ಮೂಲೆಯಲ್ಲಿ ಗಾಳಿ ಉಳಿಯುತ್ತಿತ್ತು. ಮುದುಕಪ್ಪನಿಗೆ ಗೊತ್ತಿತ್ತು. ಬೇಕಂತಲೇ ಅಲ್ಲಿ ಕೂರುತ್ತಿದ್ದರಂತೆ!

ಗಾಳಿ ಹೋದ ಮೇಲೆ ಗಾಡಿ ಭಾರವಾಯಿತು. ಟ್ರಿಮ್ ಟ್ಯಾಂಕಿನಿಂದ ಪಂಪಿನಲ್ಲಿ ಹದಿನಾಲ್ಕು ಲೀಟರ್ ಹೊರಹಾಕಿದ ಮೇಲೆ ನಿಂತಿತು. ಹತ್ತು ಮೀಟರ್, ನಿಂತಿತು. ಇಪ್ಪತ್ತು, ನಿಂತಿತು. ಇಪ್ಪತ್ತೈದರಲ್ಲಿ ಎರಡೂ ಕೈ ಮಡಿಲಲ್ಲಿಟ್ಟು ಕೂತೆ. ಮೀಟರು ಇಪ್ಪತ್ತೈದು ಪಾಯಿಂಟ್ ಒಂದು, ಇಪ್ಪತ್ತೈದು ಪಾಯಿಂಟ್ ಒಂದು. ಥ್ರಸ್ಟರ್ ಶಬ್ದ ಇಲ್ಲ, ಸುಣ್ಣದ ಡಬ್ಬದ ಫ್ಯಾನ್ ಒಂದೇ. ಒಂದು ತೊರಕೆ ಮೀನು ನಮ್ಮ ಗುಂಡಿನ ಮೇಲೆ ನೆರಳು ಹಾಕಿಕೊಂಡು ಹೋಯಿತು.

ಮುದುಕಪ್ಪ ಏನೂ ಹೇಳಲಿಲ್ಲ. ಟೋಪಿ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡರು.

ಹಳೇ ಡಾಲ್ಫಿನ್

ಒಳ್ಳೆಯ ಮೇಷ್ಟ್ರು ಸಿಕ್ಕಿದ್ದಾರೆ ನಿಮಗೆ.

ತುಂಗೆ ತೀರದ ಮೇಷ್ಟ್ರು

ಹದಿನಾಲ್ಕು ಲೀಟರ್! ಐದು ಮೀಟರಿನಲ್ಲಿ ಒಂದೂವರೆ ಬಾರ್. ಇಪ್ಪತ್ತು ಲೀಟರ್ ಅಲ್ಲಿ ಹದಿಮೂರು ಚಿಲ್ಲರೆ ಆಗುತ್ತದೆ. ಸುಮ್ಮನೆ ಉದಾಹರಣೆಗೆ ಹೇಳಿದ ಇಪ್ಪತ್ತು ಇಷ್ಟು ಹತ್ತಿರ ಬಂತಾ?

ಹಳೇ ಡಾಲ್ಫಿನ್

ಕುರುಡು ಅದೃಷ್ಟ ಮೇಷ್ಟ್ರೇ. ಯಾರಿಗೂ ಹೇಳಬೇಡಿ.

ಮಲ್ಪೆ ಬಂಗುಡೆ

ತೊರಕೆ ಅಂದಿರಲ್ಲ. ಎಷ್ಟು ದೊಡ್ಡದಿತ್ತು? ಒಣಗಿಸಿ ಚಟ್ನಿ ಮಾಡಿದರೆ ಎಷ್ಟು ಜನಕ್ಕೆ ಬರುತ್ತದೆ?

ನೇತ್ರಾಣಿ ಆಮೆ

ಇಲ್ಲಿ ಎಲ್ಲ ಚರ್ಚೆಯೂ ಕೊನೆಗೆ ಚಟ್ನಿಗೇ ಬರುತ್ತದೆ.

ಕುಂದಾಪ್ರ ಅಮ್ಮಮ್ಮ

ತೊರಕೆಗೆ ಗಸಿ ಆಗಬೇಕು, ಚಟ್ನಿ ಅಲ್ಲ. ಮಗಾ, ಮೊದಲು ಅಮ್ಮನಿಗೆ ಫೋನ್ ಮಾಡಿ ನಿಜ ಹೇಳು. ಆಮೇಲೆ ಇಲ್ಲಿ ಬರೆ.